ಬಣ್ಣ ಬೇಡ, ರಸ ಸಾಕು ಎನ್ನುವವರಿಗೆ

ಇಂಗ್ಲಿಷಿನಲ್ಲಿ ಬರೆದ ಕಾದಂಬರಿಕಾರ ಜೋಸೆಫ್ ಕಾನ್ರಾಡನ ಕಾಂಗೋ ಕಥೆ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ವರ್ಣದ್ವೇಷದ ಕೃತಿ ಎಂದು ನೈಜೀರಿಯಾದ ಕಾದಂಬರಿಕಾರ ಚಿನುವ ಅಚಿಬೆ ಎತ್ತಿದ ತಕರಾರನ್ನು ಪರಿಚಯಿಸಿದ ನಮ್ಮ ಕಳೆದ ಸಂಚಿಕೆಯ ಲೇಖನಕ್ಕೆ ಓದುಗರೊಬ್ಬರು ಕೆಂಡವಾಗಿದ್ದಾರೆ. ‘ಕಾದಂಬರಿಕಾರನನ್ನು ಕಟಕಟೆ ಹತ್ತಿಸುವುದೇ ವಿಮರ್ಶೆಯಾಗಿದೆ. ಪಾತ್ರದ ಮೈಬಣ್ಣ ಹುಡುಕುವವರಿಗೆ ಕಥೆಯ ರಸ ಸಿಕ್ಕೀತೇ?’ ಎಂದು ಕೇಳಿ, ಸಾಯುತ್ತಿರುವ ಆಫ್ರಿಕನ್ ಕೂಲಿಗೆ, ಕಥೆ ಹೇಳುವ ಬಿಳಿಯ ಮಾರ್ಲೋ ಬಿಸ್ಕತ್ತು ಕೊಡುವ ಪುಟವನ್ನು ತೋರಿಸಿ, ‘ಇದು ದ್ವೇಷವೇ?’ ಎಂದಿದ್ದಾರೆ. ಚಂದಾ ನಿಲ್ಲಿಸುವುದಾಗಿಯೂ ಹೇಳಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

ಮಾನ್ಯರೇ,

ನಿಮ್ಮ ಸಿಟ್ಟಿನಲ್ಲಿ ಹುರುಳೇ ಇಲ್ಲ ಎನ್ನಲಾರೆ. ಮಾರ್ಕ್ ಟ್ವೇನನ ‘ಹಕಲ್‌ಬರಿ ಫಿನ್’ನಲ್ಲಿ ಕರಿಯರಿಗೆ ಬಳಸಿದ ಬೈಗುಳವನ್ನು ಕಿತ್ತು, ‘ಗುಲಾಮ’ ಎಂದು ಹಾಕಿ 2011ರಲ್ಲಿ ಅಮೆರಿಕದ ಅಲಬಾಮಾದ ಪ್ರಕಾಶಕರೊಬ್ಬರು ಹೊಸ ಆವೃತ್ತಿ ತಂದರು. ಅಂಥದ್ದನ್ನು ನೀವು ಬೈದರೆ ನಾನೂ ದನಿಗೂಡಿಸುತ್ತೇನೆ. ಆದರೆ ಅದು ವಿಮರ್ಶೆಯಲ್ಲ, ಸುಣ್ಣ ಬಳಿಯುವುದು.

ಅಚಿಬೆ 1975ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಭಾಷಣದಲ್ಲಿ ಕಾನ್ರಾಡನನ್ನು ವರ್ಣದ್ವೇಷಿ ಎಂದದ್ದು ಎಲ್ಲರಿಗೂ ನೆನಪಿದೆ. ಅಲ್ಲಿಗೆ ಹೇಗೆ ಬಂದು ಮುಟ್ಟಿದರು ಎಂಬುದನ್ನು ಯಾರೂ ಕೇಳುವುದಿಲ್ಲ. ಕಾದಂಬರಿಯಲ್ಲಿ ಮಾತು ಯಾರಿಗೆ ಸಿಕ್ಕಿದೆ ಎಂದು ಅವರು ನೋಡಿದರು. ಕಾಂಗೋ ದಡದ ತುಂಬ ಆಫ್ರಿಕನ್ನರಿದ್ದಾರೆ. ಕೂಗುತ್ತಾರೆ, ಕುಣಿಯುತ್ತಾರೆ, ಸಾಯುತ್ತಾರೆ. ಅವರು ಬಾಯಿಬಿಟ್ಟು ಮಾತಾಡುವುದಾಗಿ ಅಚಿಬೆ ತೋರಿಸಿದ್ದು ಎರಡೇ ಕಡೆ: ಒಮ್ಮೆ ನರಮಾಂಸ ಕೇಳಲು, ಇನ್ನೊಮ್ಮೆ ಬಿಳಿಯ ದಂತವ್ಯಾಪಾರಿ ಕುರ್ಟ್ಸ್ ಸತ್ತನೆಂದು ಹೇಳಲು. ಕುರ್ಟ್ಸನ ಆಫ್ರಿಕನ್ ಪ್ರೇಯಸಿ ದಡಕ್ಕೆ ಬಂದು ಕೈಯೆತ್ತಿ ನಿಲ್ಲುತ್ತಾಳೆ, ಅವಳಾಡಿದ ಒಂದು ಮಾತೂ ನಮ್ಮ ಕಿವಿಗೆ ಬೀಳುವುದಿಲ್ಲ. ಯುರೋಪಿನಲ್ಲಿ ಅವನಿಗಾಗಿ ಕಾದಿದ್ದ ಬಿಳಿಯ ಹುಡುಗಿಗೆ ಕೊನೆಯ ಪುಟಗಳ ತುಂಬ ಮಾತು.

ನಿಮ್ಮ ಬಿಸ್ಕತ್ತಿನ ಪುಟ ಮನ ಕಲಕುವಂಥದ್ದೇ. ಆದರೆ ಇನ್ನೊಮ್ಮೆ ನೋಡಿ. ಸಾಯುತ್ತಿರುವವನ ಕೊರಳಲ್ಲಿ ಬಿಳಿ ಉಣ್ಣೆಯ ದಾರವೊಂದಿದೆ. ಅದೇನು ಗುರುತೋ, ಒಡವೆಯೋ, ತಾಯಿತವೋ ಎಂದು ಮಾರ್ಲೋ ತನಗೆ ತಾನೇ ಕೇಳಿಕೊಳ್ಳುತ್ತಾನೆ. ಎದುರಿಗೇ ಇದ್ದವನನ್ನು ಕೇಳುವುದಿಲ್ಲ. ಕಾನ್ರಾಡ್ 1890ರಲ್ಲಿ ತಾನೇ ಕಾಂಗೋಗೆ ಹೋಗಿಬಂದವನು, ದಂತದ ಲೂಟಿಯನ್ನು ಕಂಡು ಕಟುವಾಗಿ ಬರೆದವನು. ಹಾಗಾಗಿ ಅದು ಮಹಾಕೃತಿಯೇ ಅಲ್ಲ ಎಂಬ ಅಚಿಬೆಯ ತೀರ್ಪನ್ನು ನಾನು ಒಪ್ಪುವುದಿಲ್ಲ. ಅವರ ಕಿವಿಯನ್ನು ಮಾತ್ರ ಒಪ್ಪಲೇಬೇಕು.

ರಸದ ಮಾತಾಡಿದಿರಿ. ಅಮೆರಿಕದ ಕರಿಯ ಕಾದಂಬರಿಕಾರ್ತಿ ಟೋನಿ ಮಾರಿಸನ್ 1992ರ ವಿಮರ್ಶಾ ಪುಸ್ತಕ ‘ಪ್ಲೇಯಿಂಗ್ ಇನ್ ದ ಡಾರ್ಕ್’ನಲ್ಲಿ ಹೆಮಿಂಗ್ವೆಯ ‘ಟು ಹ್ಯಾವ್ ಅಂಡ್ ಹ್ಯಾವ್ ನಾಟ್’ ಕಾದಂಬರಿಯ ಒಂದು ವಾಕ್ಯ ಹಿಡಿದು ಕೂರುತ್ತಾರೆ. ಮೀನು ಹಿಡಿಯಲು ಹೊರಟ ದೋಣಿ. ಚುಕ್ಕಾಣಿಯಲ್ಲಿ ಕರಿಯ ಕೆಲಸಗಾರ, ಕಥೆ ಹೇಳುವವನು ಬಿಳಿಯ ಹ್ಯಾರಿ ಮಾರ್ಗನ್. ಮುಂದೆ ಹಾರುಮೀನುಗಳು ಚಿಮ್ಮುತ್ತವೆ. ಚುಕ್ಕಾಣಿಯವನು ‘ಅಗೋ!’ ಎಂದು ಕೂಗಿದ್ದರೆ ಮುಗಿಯಿತು. ಆದರೆ ಅಲ್ಲಿ ಅವನಿಗೆ ಮಾತು ಕೊಡುವ ಮನಸ್ಸು ಹೆಮಿಂಗ್ವೆಗಿಲ್ಲ. ಹಾಗಾಗಿ, ಅವನು ಮೀನು ನೋಡಿದ್ದನ್ನು ನಾನು ನೋಡಿದೆ ಎಂದು ಹ್ಯಾರಿ ತಿಣುಕಬೇಕಾಗುತ್ತದೆ. ಒಂದು ಪದ ಹೆಚ್ಚಾದರೂ ಸಹಿಸದಿದ್ದ ಲೇಖಕ, ಇನ್ನೊಬ್ಬನ ಬಾಯಿ ಮುಚ್ಚಿಸಲು ಹೋಗಿ ತನ್ನ ಗದ್ಯವನ್ನೇ ಕೆಡಿಸಿಕೊಂಡ. ಇದು ಬಣ್ಣ ಹುಡುಕುವುದೋ ರಸ ಹುಡುಕುವುದೋ, ನೀವೇ ಹೇಳಿ.

ಅದೇ ಮಾರಿಸನ್ 1983ರಲ್ಲಿ ‘ರೆಸಿಟಟೀಫ್’ ಎಂಬ ಕಥೆ ಪ್ರಕಟಿಸಿದರು. ಟ್ವೈಲಾ, ರಾಬರ್ಟಾ ಎಂಬ ಇಬ್ಬರು ಹುಡುಗಿಯರು. ಒಬ್ಬಳು ಕಪ್ಪು, ಒಬ್ಬಳು ಬಿಳಿ. ಯಾರು ಯಾವುದೆಂದು ಮಾರಿಸನ್ ಕೊನೆವರೆಗೂ ಬಾಯಿಬಿಡುವುದಿಲ್ಲ. ರಾಬರ್ಟಾಳ ತಾಯಿ ಎದೆಯ ಮೇಲೆ ಭಾರೀ ಶಿಲುಬೆ, ಕಂಕುಳಲ್ಲಿ ಬೈಬಲ್ ಇಟ್ಟುಕೊಂಡು ಬಂದವಳು, ಟ್ವೈಲಾಳ ತಾಯಿ ಕೈಚಾಚಿದರೆ ಮೇಲಿಂದ ಕೆಳಗೆ ನೋಡಿ ಹೊರಟುಹೋಗುತ್ತಾಳೆ. ನಮ್ಮ ಕಚೇರಿಯ ಇಬ್ಬರಿಗೆ ಓದಲು ಕೊಟ್ಟೆ. ‘ಇಂಥ ಸೊಕ್ಕು ಬಿಳಿಯಳದ್ದೇ’ ಎಂದರು ಒಬ್ಬರು. ‘ಛೇ, ಇದು ಕರಿಯರ ಚರ್ಚಿನ ಮಡಿ’ ಎಂದರು ಇನ್ನೊಬ್ಬರು. ಊಟದ ಹೊತ್ತು ಮೀರಿದರೂ ಜಗಳ ಹರಿಯಲಿಲ್ಲ. ಬಣ್ಣ ನೋಡದೆ ಓದುವ ನೀವೂ ಓದಿ. ಎರಡನೇ ಪುಟಕ್ಕೇ ಪತ್ತೇದಾರಿಕೆ ಶುರುವಾಗದಿದ್ದರೆ ನನಗೆ ಬರೆಯಿರಿ.

ಬಾಯಿ ತೆರೆಸಿದ್ದೀರಿ, ಹೊಟ್ಟೆಯೊಳಗಿನ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಈ ಮೇಜಿಗೆ ಬರುವ ವಿಮರ್ಶೆಗಳಲ್ಲಿ ಮುಕ್ಕಾಲುಪಾಲು ಕಥಾಸಾರ, ಉಳಿದದ್ದು ಬೆನ್ನುಡಿಯ ನಕಲು. ಲೇಖಕ ವರ್ಣದ್ವೇಷಿ ಎನ್ನುವವರೂ ವಾಕ್ಯ ತೋರಿಸುವುದಿಲ್ಲ, ಅಲ್ಲ ಎನ್ನುವವರೂ ತೋರಿಸುವುದಿಲ್ಲ. ಮಹನೀಯರೊಬ್ಬರು ಕಾನ್ರಾಡನ ಪರವಾಗಿ ಉದ್ದದ ಲೇಖನ ಕಳಿಸಿದ್ದರು. ಕಾದಂಬರಿಯ ಒಂದು ಸಾಲೂ ಇರಲಿಲ್ಲ, ತಮ್ಮ ಸನ್ಮಾನದ ಫೋಟೊ ಇತ್ತು. ಪುಸ್ತಕ ಬಿಡುಗಡೆಯ ವೇದಿಕೆಯಲ್ಲಂತೂ ‘ನಾನಿನ್ನೂ ಪೂರ್ತಿ ಓದಿಲ್ಲ, ಆದರೂ’ ಎಂದೇ ಭಾಷಣ ಶುರುವಾಗುತ್ತದೆ, ಚಪ್ಪಾಳೆಯೂ ಬೀಳುತ್ತದೆ. ನೀವು ಜಗಳ ತೆಗೆದಿರಿ, ಆದರೆ ಪುಟಸಂಖ್ಯೆ ಕೊಟ್ಟು ತೆಗೆದಿರಿ. ಇಷ್ಟುದ್ದ ಉತ್ತರ ಅದಕ್ಕೇ.

ಚಂದಾ ನಿಲ್ಲಿಸುವ ಮಾತು ಬಿಡಿ. ವರ್ಷದ ಕೊನೆವರೆಗೂ ಕಟ್ಟಿದ್ದೀರಿ. ಜಮೈಕಾದಿಂದ ತಂದು ಅಟ್ಟದಲ್ಲಿ ಕೂಡಿಹಾಕಿದ ‘ಜೇನ್ ಏರ್’ ಕಾದಂಬರಿಯ ಬರ್ತಾ ಬಗ್ಗೆ ಮುಂದಿನ ಸಂಚಿಕೆಯಲ್ಲಿ ಲೇಖನವಿದೆ. ಅದನ್ನೂ ಓದಿ, ಬೈದು ಬರೆಯಿರಿ.

– ಸಂ.