ಗಾಡಿ ಮಾತು: ಹಳೆ ಕಾರಿನ ಸಸ್ಪೆನ್ಷನ್ ಮಾಡಿಸೋದಾ, ಮಾರೋದಾ?

ಪ್ರಶ್ನೆ: ನಾನು ಶಿಕ್ಷಕಿ. ಬಾಗಲಕೋಟೆಯ ನವನಗರದಿಂದ ಲೋಕಾಪುರದ ಕಡೆಯ ಶಾಲೆಗೆ ದಿನಾ ನಮ್ಮ 2011ರ ಪೆಟ್ರೋಲ್ ಸ್ವಿಫ್ಟ್‌ನಲ್ಲಿ ಹೋಗಿಬರುತ್ತೇನೆ. 1,38,000 ಕಿ.ಮೀ. ಓಡಿದೆ. ಇತ್ತೀಚೆಗೆ ಸಣ್ಣ ತಗ್ಗು ಬಂದರೂ ಮುಂದೆ ಕಟಕಟ ಸದ್ದು. ಹಂಪ್ ಇಳಿದ ಮೇಲೆ ಗಾಡಿ ಎರಡು ಮೂರು ಸಲ ತೂಗಾಡುತ್ತದೆ. ಬ್ರೇಕ್ ಹಾಕಿದರೆ ಎಡಕ್ಕೆ ಎಳೆಯುತ್ತದೆ. ಮುಂದಿನ ಎಡ ಟೈರ್ ಒಳಮಗ್ಗುಲಲ್ಲಿ ಸವೆದಿದೆ. ಗ್ಯಾರೇಜಿನವರು ಮುಂದಿನ ಶಾಕ್‌ಅಬ್ಸಾರ್ಬರ್, ಲೋಯರ್ ಆರ್ಮ್, ಲಿಂಕ್ ರಾಡ್, ಟೈ ರಾಡ್ ಎಂಡ್, ಹಿಂದಿನ ಶಾಕ್‌ಅಬ್ಸಾರ್ಬರ್, ನಾಲ್ಕೂ ಸ್ಪ್ರಿಂಗ್ ಸೇರಿ 34,500 ರೂಪಾಯಿ ಹೇಳಿದ್ದಾರೆ. ಅದರಲ್ಲಿ ಸ್ಪ್ರಿಂಗ್‌ಗೇ 8,000, ಹಿಂದಿನ ಶಾಕ್‌ಗಳಿಗೆ 5,500. ಈಗಿನ ಸ್ಥಿತಿಯಲ್ಲಿ ಗಾಡಿಯನ್ನು 1,25,000ಕ್ಕೆ ಕೇಳಿದ್ದಾರೆ. ಎಂಜಿನ್ ಚೆನ್ನಾಗಿದೆ. ಆರ್‌ಸಿ ಅವಧಿ ಇನ್ನು ಕೆಲವೇ ತಿಂಗಳು. ಮಾರಿ, ಐದು ಲಕ್ಷ ಸಾಲ ಮಾಡಿ ಹೊಸದು ತಗೊಳ್ಳೋಣ ಅಂತಾರೆ ನಮ್ಮ ಯಜಮಾನರು. ಏನು ಮಾಡಲಿ?
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ಅಕ್ಕೋರೇ, ಮಾರೋದು, ಮಾಡಿಸೋದು ಆಮೇಲೆ. ಮೊದಲು ನಾಳೆಯೇ ಗಾಡಿಯ ಮುಂಭಾಗ ಜಾಕ್ ಹಾಕಿಸಿ, ಬಾಲ್ ಜಾಯಿಂಟ್ (ಗಾಲಿಯನ್ನು ಹಿಡಿದಿರುವ ಗುಂಡು ಕೀಲು) ನೋಡಿಸಿ. ಅಲ್ಲಿಯವರೆಗೆ ಶಾಲೆಗೆ ಬಸ್ಸಿನಲ್ಲೇ ಹೋಗಿ. ಬ್ರೇಕಿಗೆ ಎಳೆಯೋದು, ಟೈರ್ ಒಳಗಡೆ ಸವೆಯೋದು ಎರಡೂ ಒಂದೇ ಮಗ್ಗುಲಲ್ಲಿ ಕಂಡರೆ ನನಗೆ ಮೊದಲು ಅನುಮಾನ ಬರೋದು ಲೋಯರ್ ಆರ್ಮ್ ಮೇಲೆ, ಅಂದರೆ ಗಾಲಿಯನ್ನು ಕೆಳಗಡೆ ಬಾಡಿಗೆ ಜೋಡಿಸುವ ತೋಳಿನ ಮೇಲೆ. ಅದರ ತುದಿಯಲ್ಲಿರುವ ಬಾಲ್ ಜಾಯಿಂಟ್ ಕಳಚಿಕೊಂಡರೆ ಗಾಲಿ ಹೊರಕ್ಕೆ ಮಡಚಿಕೊಳ್ಳುತ್ತದೆ. ಆಮೇಲೆ ಸ್ಟೇರಿಂಗ್ ಹಿಡಿದು ಏನೂ ಪ್ರಯೋಜನವಿಲ್ಲ.

ಪರೀಕ್ಷೆ ಸರಳ. ಗಾಲಿ ನೆಲ ಬಿಟ್ಟು ಜೋತಾಡುವಂತೆ ಎತ್ತಿ, ಗಾಡಿಗೆ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಬೇಕು. ಬರೀ ಜಾಕ್ ನಂಬಿ ಯಾರೂ ಕೆಳಗೆ ಹೋಗಬಾರದು. ಗಾಲಿಯ ಮೇಲ್ತುದಿ, ಕೆಳತುದಿ ಹಿಡಿದು ಅಲ್ಲಾಡಿಸಿ. ಲಡಲಡ ಅಂದರೆ ಒಬ್ಬರು ಬ್ರೇಕ್ ತುಳಿದು ಹಿಡಿಯಲಿ, ಮತ್ತೆ ಅಲ್ಲಾಡಿಸಿ. ಆ ಸಡಿಲ ಆಟ ನಿಂತರೆ ತಪ್ಪು ವೀಲ್ ಬೇರಿಂಗ್‌ನದು. ನಿಲ್ಲದಿದ್ದರೆ ಬಾಲ್ ಜಾಯಿಂಟ್ ನೋಡಬೇಕು. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಟ ಸಿಕ್ಕರೆ ತಪ್ಪು ಟೈ ರಾಡ್ ಎಂಡ್, ಅಂದರೆ ಸ್ಟೇರಿಂಗ್ ತಿರುವನ್ನು ಗಾಲಿಗೆ ಮುಟ್ಟಿಸುವ ಸರಳಿನ ತುದಿಯದು. ನೀವು ಪಕ್ಕದಲ್ಲೇ ನಿಂತು ನೋಡಿ. ಒಳ್ಳೆ ಮೆಕ್ಯಾನಿಕ್ ತೋರಿಸೋದಕ್ಕೆ ಬೇಜಾರು ಮಾಡಿಕೊಳ್ಳಲ್ಲ. ಹಾಗೇ ಬ್ರೇಕ್ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ಜಾಮ್ ಆಗಿದೆಯಾ ಅಂತಲೂ ನೋಡಲಿ. ಎಳೆತಕ್ಕೆ ಅದೂ ಕಾರಣ ಇರಬಹುದು.

ಇನ್ನು ನಿಮ್ಮ ಪ್ರಶ್ನೆಗೆ ಬರೋಣ. 1,25,000ದ ಗಾಡಿಗೆ 34,500 ಯಾಕೆ ಸುರಿಯಬೇಕು ಅಂತ ಎಲ್ಲರೂ ಕೇಳುತ್ತಾರೆ. ವಿಜಯಪುರದ ನನ್ನ ಗ್ಯಾರೇಜಿಗೆ ಬರುವವರೂ ಇದನ್ನೇ ಕೇಳುತ್ತಾರೆ. ನನ್ನ ಪ್ರಕಾರ ಈ ಲೆಕ್ಕವೇ ಸರಿಯಿಲ್ಲ. ಮಾರುವವರಿಗೆ ಬೇಕಾದದ್ದು ಗಾಡಿಯ ಬೆಲೆ. ಓಡಿಸುವವರಿಗೆ ಬೇಕಾದದ್ದು ಈ ದುಡ್ಡಿಗೆ ಇನ್ನೆಷ್ಟು ವರ್ಷ ನೆಮ್ಮದಿಯಿಂದ ಓಡುತ್ತದೆ, ಬೇರೆ ದಾರಿಗೆ ಎಷ್ಟು ಬೀಳುತ್ತದೆ ಅನ್ನೋದು. ಐದು ಲಕ್ಷ ಸಾಲಕ್ಕೆ ಶೇ. 9ರ ಬಡ್ಡಿ, ಐದು ವರ್ಷ ಅಂದರೆ ತಿಂಗಳ ಕಂತು ಸುಮಾರು 10,400 ರೂಪಾಯಿ. ನಿಮ್ಮ ಇಡೀ ರಿಪೇರಿ ಬಿಲ್ ಮೂರೂವರೆ ಕಂತು ಕೂಡ ಆಗಲ್ಲ. ರಿಪೇರಿಗೆ ಹಾಕಿದ್ದು ಮಾರುವಾಗ ವಾಪಸ್ ಬರಲ್ಲ, ಅದು ನಿಜ. ಹೊಸ ಗಾಡಿಯ ಬೆಲೆ ಕೂಡ ಶೋರೂಮಿನ ಗೇಟು ದಾಟುತ್ತಿದ್ದಂತೆ ಇಳಿಯುತ್ತದೆ, ಅಲ್ವಾ? ಇನ್ನೊಂದು ಸೆಕೆಂಡ್ ಹ್ಯಾಂಡ್ ತಗೊಂಡರೆ ಅದರ ಸಸ್ಪೆನ್ಷನ್ ಯಾವ ರಸ್ತೆ ಕಂಡಿದೆಯೋ ನಿಮಗೆ ಗೊತ್ತಿರಲ್ಲ. ಈ ಗಾಡಿಯ ಹಣೆಬರಹವಾದರೂ ನಿಮಗೆ ಗೊತ್ತು.

ಆದರೆ ಒಂದು ಷರತ್ತು ಇದೆ. ಬಾಡಿ ಗಟ್ಟಿ ಇರಬೇಕು. ಸಸ್ಪೆನ್ಷನ್‌ನ ಎಲ್ಲ ಭಾಗವನ್ನೂ ಬದಲಿಸಬಹುದು, ಅದನ್ನು ಹಿಡಿದಿರುವ ತಗಡು ಕೊಳೆತಿದ್ದರೆ ಎಲ್ಲಿಗೆ ಬೋಲ್ಟ್ ಹಾಕುತ್ತೀರಿ? ಬಾನೆಟ್ ಎತ್ತಿ ಎರಡೂ ಕಡೆ ಶಾಕ್‌ನ ತಲೆ ಕೂತಿರುವ ಜಾಗ ನೋಡಿ. ಲಿಫ್ಟ್ ಮೇಲೆ ಎತ್ತಿದಾಗ ಲೋಯರ್ ಆರ್ಮ್ ಸೇರುವ ಕಡೆ, ಬಾಗಿಲುಗಳ ಕೆಳಗಿನ ಅಂಚು, ಹಿಂದಿನ ಸ್ಪ್ರಿಂಗ್ ಕೂರುವ ಜಾಗವನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಲಿ. ಮೇಲ್ಮೇಲಿನ ತುಕ್ಕಿಗೆ ಹೆದರಬೇಡಿ. ಸ್ಕ್ರೂಡ್ರೈವರ್ ಒಳಗೆ ಇಳಿದರೆ ಮಾತ್ರ ನನ್ನ ಉತ್ತರ ಬದಲಾಗುತ್ತದೆ. ಆಗ ದುಡ್ಡು ಹಾಕಬೇಡಿ, ದೋಷ ಹೇಳಿಯೇ ಮಾರಿಬಿಡಿ. ನಮ್ಮ ಒಣ ಹವೆಯಲ್ಲಿ ಕಾರುಗಳು ಕರಾವಳಿಯಷ್ಟು ತುಕ್ಕು ಹಿಡಿಯಲ್ಲ. ಆದರೆ 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಲಪ್ರಭಾ, ಕೃಷ್ಣಾ ಮೂರೂ ಉಕ್ಕಿದಾಗ ಎಷ್ಟೋ ಗಾಡಿಗಳು ನೀರಿನಲ್ಲಿ ನಿಂತಿದ್ದವು. ನಿಮ್ಮದೂ ನಿಂತಿದ್ದರೆ ಈ ತಪಾಸಣೆ ಇನ್ನೂ ಕಟ್ಟುನಿಟ್ಟಾಗಿರಲಿ.

ಈಗ ಪಟ್ಟಿ. ನಾಲ್ಕೂ ಸ್ಪ್ರಿಂಗ್ ಯಾಕೆ ಬೇಕು ಅಂತ ಕೇಳಿ. ಗಾಡಿಯ ಭಾರ ಹೊರೋದು ಸ್ಪ್ರಿಂಗ್. ಅದರ ಕುಣಿತ ನಿಲ್ಲಿಸೋದು ಶಾಕ್‌ಅಬ್ಸಾರ್ಬರ್. ಹಂಪ್ ಇಳಿದ ಮೇಲೆ ತೂಗಾಡುತ್ತಿದೆ ಅಂದರೆ ಸೋತಿರೋದು ಶಾಕ್. ಸ್ಪ್ರಿಂಗ್ ಮುರಿದಿದ್ದರೆ, ಸುತ್ತಿನಲ್ಲಿ ಬಿರುಕು ಇದ್ದರೆ, ಇಲ್ಲವೇ ಗಾಡಿ ಒಂದು ಮೂಲೆಗೆ ಕುಸಿದಿದ್ದರೆ ಬದಲಿಸಿ. ಸಮತಟ್ಟು ನೆಲದಲ್ಲಿ ಖಾಲಿ ಗಾಡಿ ನಿಲ್ಲಿಸಿ, ಗಾಲಿಯ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಎಡ ಬಲ ಎರಡೂ ಕಡೆ ಟೇಪು ಹಿಡಿದರೆ ಕುಸಿತ ಗೊತ್ತಾಗುತ್ತದೆ. ಸರಿಯಿದ್ದರೆ ಆ 8,000 ಉಳಿಯಿತು. ಹಿಂದಿನ ಶಾಕ್‌ನಿಂದ ಎಣ್ಣೆ ಸೋರುತ್ತಿಲ್ಲ, ಹಿಂದಿನ ಟೈರುಗಳು ತೇಪೆ ತೇಪೆಯಾಗಿ ಸವೆದಿಲ್ಲ ಅಂದರೆ ಆ 5,500ನ್ನು ನಾಲ್ಕಾರು ತಿಂಗಳು ಮುಂದಕ್ಕೆ ಹಾಕಬಹುದು. ಈಗ ಉಳಿಯೋದು 21,000.

ಅದರಲ್ಲಿ ಮಾತ್ರ ಜಿಪುಣತನ ಬೇಡ. ಲೋಯರ್ ಆರ್ಮ್ ಎರಡೂ ಕಡೆ ಹಾಕಿಸಿ. ಬಹಳಷ್ಟು ಸಣ್ಣ ಕಾರುಗಳಿಗೆ ಬಾಲ್ ಜಾಯಿಂಟ್, ಬುಷ್ (ಕೀಲಿನಲ್ಲಿ ಕೂರುವ ರಬ್ಬರ್ ಬಳೆ) ಎಲ್ಲ ಸೇರಿದ ಪೂರ್ತಿ ಆರ್ಮ್ ಸಿಗುತ್ತದೆ. ಹಳೆ ಆರ್ಮ್‌ಗೆ ಬರೀ ಬುಷ್ ಒತ್ತಿಸೋದಕ್ಕಿಂತ ಅದೇ ವಾಸಿ. ಕಟಕಟ ಸದ್ದು ಮಾಡುತ್ತಿರೋದು ಹೆಚ್ಚಾಗಿ ಲಿಂಕ್ ರಾಡ್, ಅಂದರೆ ಗಾಡಿ ಪಕ್ಕಕ್ಕೆ ವಾಲದಂತೆ ತಡೆಯುವ ಸರಳನ್ನು ಜೋಡಿಸುವ ಸಣ್ಣ ಕಡ್ಡಿ. ಅದು ಅಗ್ಗದ ಸಾಮಾನು. ಶಾಕ್ ಹಾಕುವಾಗ ಮೇಲಿನ ಮೌಂಟಿಂಗ್, ಅದರ ಬೇರಿಂಗ್, ಒಳಗಿನ ಜಂಪಿಂಗ್ ರಬ್ಬರ್ ಕೂಡ ಹೊಸದೇ ಇರಲಿ. ಅವನ್ನು ಆಮೇಲೆ ಬದಲಿಸಬೇಕಾದರೆ ಮತ್ತೆ ಇಡೀ ಶಾಕ್ ಬಿಚ್ಚಬೇಕು, ಮತ್ತೆ ಕೂಲಿ ಕೊಡಬೇಕು. ಟೈ ರಾಡ್ ಎಂಡ್‌ನಲ್ಲಿ ಆಟ ಇಲ್ಲದಿದ್ದರೆ ಬಿಟ್ಟುಬಿಡಿ.

ಕೆಲಸ ಮಾಡಿಸುವಾಗ ಒಂದು ಮಾತು ಹೇಳಿ. ಲೋಯರ್ ಆರ್ಮ್ ಬುಷ್‌ನ ಬೋಲ್ಟ್‌ಗಳನ್ನು ಗಾಲಿ ಜೋತಾಡುವಾಗ ಪೂರ್ತಿ ಬಿಗಿ ಮಾಡಬಾರದು. ಗಾಡಿಯ ಭಾರ ಗಾಲಿಗಳ ಮೇಲೆ ಕೂತ ನಂತರ ಬಿಗಿ ಮಾಡಬೇಕು. ಇಲ್ಲದಿದ್ದರೆ ಗಾಡಿ ನೆಲಕ್ಕೆ ಇಳಿದಾಗಿನಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಹೊಸ ಬುಷ್ ಒಂದೇ ವರ್ಷಕ್ಕೆ ಹೋಯ್ತು, ಸಾಮಾನೇ ಡೂಪ್ಲಿಕೇಟು ಅಂತ ಜನ ಬೈಯುತ್ತಾರೆ. ಎಷ್ಟೋ ಸಲ ತಪ್ಪು ಬಿಗಿ ಮಾಡಿದ ಕೈಯದ್ದೇ ಇರುತ್ತದೆ. ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಒಳಗಡೆ ಸವೆದ ಟೈರ್‌ನಲ್ಲಿ ತಂತಿ ಕಾಣುತ್ತಿದ್ದರೆ ಟೈರನ್ನೂ ತೆಗೆಯಿರಿ.

ನೀವು ಹೋಗೋದು ಎರಿಭೂಮಿಯ ರಸ್ತೆ. ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ, ಡಾಂಬರು ಅಲೆಅಲೆಯಾಗಿರುತ್ತದೆ. ಮುಧೋಳದ ಕಡೆ ಕಬ್ಬಿನ ಹಂಗಾಮು ಶುರುವಾದರೆ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು. ಕತ್ತಲಾದ ಮೇಲೆ ಹಿಂದೆ ದೀಪವಿಲ್ಲದ ಟ್ರೇಲರ್ ಒಮ್ಮೆಲೇ ಎದುರಾದರೆ ನಿಮ್ಮನ್ನು ಉಳಿಸೋದು ಬ್ರೇಕ್. ಶಾಕ್ ಸೋತಿದ್ದರೆ ಟೈರ್ ರಸ್ತೆಗೆ ಕಚ್ಚಿ ನಿಲ್ಲದೆ ಪುಟಿಯುತ್ತದೆ. ಗಾಡಿ ನಿಲ್ಲೋದು ಇನ್ನಷ್ಟು ಮುಂದೆ ಹೋಗಿ. ಅದಕ್ಕೇ ಸಸ್ಪೆನ್ಷನ್ ಅಂದರೆ ಬರೀ ಕೂರೋ ಸುಖ ಅಂತ ಯಾರಾದರೂ ಅಂದರೆ ನನಗೆ ಸಂಕಟವಾಗುತ್ತದೆ.

ಆರ್‌ಸಿ ಬಗ್ಗೆ ಗಾಬರಿ ಬೇಡ. ಡೀಸೆಲ್‌ಗೆ 10 ವರ್ಷ, ಪೆಟ್ರೋಲ್‌ಗೆ 15 ವರ್ಷ ಅನ್ನುವ ಮಿತಿ ದೆಹಲಿ ಸುತ್ತಮುತ್ತಲಿನ ಮಾತು. ನಮ್ಮಲ್ಲಿ ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ ಐದು ವರ್ಷಕ್ಕೆ ನವೀಕರಿಸಬಹುದು. ಫಾರ್ಮ್ 25ರ ಅರ್ಜಿಯನ್ನು ಅವಧಿ ಮುಗಿಯುವ ಮೊದಲಿನ 60 ದಿನಗಳಲ್ಲೇ ಕೊಡಬಹುದು. 2022ರ ಏಪ್ರಿಲ್‌ನಲ್ಲಿ ಕಾರಿನ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. ಇದರ ಜೊತೆ ಹಸಿರು ತೆರಿಗೆಯೂ ಇದೆ. ಸಸ್ಪೆನ್ಷನ್ ಕೆಲಸ ಮುಗಿಸಿಯೇ ತಪಾಸಣೆಗೆ ಒಯ್ಯಿರಿ. ನಿಮ್ಮ ಗಾಡಿಯ ಕೆ ಸೀರೀಸ್ ಎಂಜಿನ್‌ಗೆ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇರೋದು. ಕಾಲಕಾಲಕ್ಕೆ ಬೆಲ್ಟ್ ಬದಲಿಸುವ ಖರ್ಚೂ ಇಲ್ಲ. ಬಾಡಿ ಗಟ್ಟಿ ಇದ್ದರೆ ಈ ಗಾಡಿಯನ್ನು ನಾನಾದರೆ ಮಾರಲ್ಲ. ಯಜಮಾನರಿಗೆ ಕಂತಿನ ಲೆಕ್ಕ ತೋರಿಸಿ.

ಪ್ರಶ್ನೆ: ಮುಂದಿನ ಎಡ ಶಾಕ್ ಮಾತ್ರ ಎಣ್ಣೆ ಸೋರುತ್ತಿದೆ. ಒಂದನ್ನೇ ಬದಲಿಸಿದರೆ ಸಾಲದೇ?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಸಾಲದು. ಮುಂದಿನವು ಎರಡೂ ಒಟ್ಟಿಗೆ, ಹಿಂದಿನವು ಎರಡೂ ಒಟ್ಟಿಗೆ. ಒಂದು ಕಡೆ ಹೊಸದು, ಇನ್ನೊಂದು ಕಡೆ ಸವೆದದ್ದು ಇದ್ದರೆ ಎರಡು ಗಾಲಿಯ ಹಿಡಿತ ಬೇರೆಬೇರೆ ಆಗುತ್ತದೆ. ನಿಮ್ಮ ಊರಿನ ಮಳೆಯಲ್ಲಿ, ಒದ್ದೆ ರಸ್ತೆಯ ತಿರುವಿನಲ್ಲಿ ಇದು ಅಪಾಯ. ಇತ್ತೀಚೆಗೆ ಅಪಘಾತದಲ್ಲಿ ಒಂದು ಶಾಕ್ ಬಾಗಿದ್ದು, ಇನ್ನೊಂದು ಹೊಸದರಂತೆಯೇ ಇದ್ದರೆ ಮಾತ್ರ ಒಂದನ್ನೇ ಹಾಕಬಹುದು.

ಪ್ರಶ್ನೆ: ಹಳೆ ಕಾರಿನ ಹಿಂದೆ ನಿಂಬೆಹಣ್ಣಿನ ಚೀಲ ಹಾಕಿಕೊಂಡು ಮಾರುಕಟ್ಟೆಗೆ ಒಯ್ಯುತ್ತೇನೆ. ಹಿಂಭಾಗ ಕುಸಿಯುತ್ತದೆ. ಸ್ಪ್ರಿಂಗ್ ನಡುವೆ ರಬ್ಬರ್ ಬಫರ್ ಹಾಕಿಸಿ ಅಂತಾರೆ. ಹಾಕಿಸಲಾ?
– ಓದುಗರು, ಇಂಡಿ

ಉತ್ತರ: ಬೇಡ ಅಣ್ಣಾ. ಬಫರ್ ಸಿಕ್ಕಿಸಿದ ಸುತ್ತು ಕೆಲಸ ಮಾಡೋದು ಕಡಿಮೆಯಾಗುತ್ತದೆ, ಉಳಿದ ಸುತ್ತುಗಳ ಮೇಲೆ ಭಾರ ಜಾಸ್ತಿ ಬೀಳುತ್ತದೆ. ಗಾಡಿ ಎತ್ತರ ಕಾಣುತ್ತದೆ, ಸೋತ ಸ್ಪ್ರಿಂಗ್ ಸೋತೇ ಇರುತ್ತದೆ. ಖಾಲಿ ಇದ್ದಾಗಲೂ ಹಿಂಭಾಗ ಕುಸಿದಿದ್ದರೆ ಹಿಂದಿನ ಎರಡೂ ಸ್ಪ್ರಿಂಗ್ ಹೊಸದು ಹಾಕಿಸಿ. ನಿಮ್ಮ ಗಾಡಿಗೆ ಈ ಖರ್ಚು ಸರಿಯೇ. ಚೀಲ ಹೇರಿದಾಗ ಮಾತ್ರ ಕುಸಿಯುತ್ತಿದ್ದರೆ ಭಾರವೇ ಜಾಸ್ತಿ ಆಗಿದೆ. ಎರಡು ಸಲಕ್ಕೆ ಹಂಚಿಕೊಂಡು ಒಯ್ಯಿರಿ. ಹಿಂದಿನ ಟೈರ್‌ಗೆ ಪೂರ್ತಿ ಭಾರಕ್ಕೆ ಎಷ್ಟು ಗಾಳಿ ಬೇಕು ಅಂತ ಡ್ರೈವರ್ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲೋ ಗಾಡಿಯ ಪುಸ್ತಕದಲ್ಲೋ ಬರೆದಿರುತ್ತದೆ. ಚೀಲ ಹೇರುವ ಮೊದಲು ಅಷ್ಟು ಗಾಳಿ ಹಿಡಿಸಿ.