ಶಿಗ್ಗಾಂವಿ ಕ್ರೀಡಾಕೂಟ: ಹೆಣ್ಣುಮಕ್ಕಳ ವಿಭಾಗ, ಗುಂಡಿನ ತೂಕ, ತಕರಾರು – ಮೂರಕ್ಕೂ ಉತ್ತರ

ಅಣ್ಣಾರ, ನಿಮ್ಮ ಪ್ರಶ್ನೆ ಮೂರು. ಪದಕದ ಖರ್ಚು ಉಳಿಸಲು 14ರೊಳಗಿನ ಹುಡುಗ-ಹುಡುಗಿಯರನ್ನು ಒಂದೇ ಓಟದಲ್ಲಿ ಬಿಡಬಹುದೇ? ಇರುವ ಒಂದೇ 5 ಕೆಜಿ ಗುಂಡನ್ನು ಹೆಣ್ಣುಮಕ್ಕಳಿಗೂ ಕೊಡಬಹುದೇ? ಹೋದ ವರ್ಷ ಒಬ್ಬ ಹುಡುಗಿಯ ಮೇಲೆ "ಇಕಿ ಹುಡುಗನ ಹಂಗ ಅದಾಳ" ಅಂತ ತಕರಾರು ಬಂತಲ್ಲ, ಅದಕ್ಕೆ ಈ ಸಲ ಎಲ್ಲ ಹುಡುಗಿಯರಿಂದ ಡಾಕ್ಟರ್ ಸರ್ಟಿಫಿಕೇಟ್ ಕೇಳಬೇಕೇ? ಕೆಳಗೆ ಒಬ್ಬರು "ಎಲ್ಲಾರಿಗೂ ಟೆಸ್ಟ್ ಮಾಡಿಸಿಬಿಡ್ರಿ" ಅಂದಿದ್ದಾರೆ, ಇನ್ನೊಬ್ಬರು "ಗಂಡು ಹೆಣ್ಣು ಅಂತ ಬ್ಯಾರೆ ಯಾಕ, ಓಡೋರು ಓಡ್ಲಿ" ಅಂದಿದ್ದಾರೆ. ಎರಡೂ ನಡೆಯೋ ಮಾತಲ್ಲ.

ಮೊದಲು "ಬ್ಯಾರೆ ಯಾಕ" ಅನ್ನೋದಕ್ಕೆ. 100 ಮೀಟರಿನಲ್ಲಿ ಗಂಡಸರ ವಿಶ್ವದಾಖಲೆ 9.58 ಸೆಕೆಂಡು, ಹೆಂಗಸರದ್ದು 10.49. ಇಬ್ಬರನ್ನೂ ಒಟ್ಟಿಗೆ ಓಡಿಸಿದರೆ ಉಸೇನ್ ಬೋಲ್ಟ್ ಗೆರೆ ಮುಟ್ಟಿದಾಗ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್‌ಗೆ ಇನ್ನೂ ಸುಮಾರು ಎಂಟೂವರೆ ಮೀಟರ್ ಉಳಿದಿರುತ್ತದೆ. 800 ಮೀಟರಿನಲ್ಲಿ 1:40.91 ಮತ್ತು 1:53.28, ಅಂದ್ರೆ 87 ಮೀಟರಿನ ಅಂತರ. ಉದ್ದ ಜಿಗಿತದಲ್ಲಿ 8.95 ಮತ್ತು 7.52 ಮೀಟರ್. ಇವರು ಲೋಕದಲ್ಲೇ ಅತ್ಯುತ್ತಮ ತರಬೇತಿ ಪಡೆದವರು. ಹಂಗಾಗಿ "ಹುಡುಗಿಯರಿಗೆ ಸರಿಯಾಗಿ ಪ್ರಾಕ್ಟೀಸ್ ಕೊಟ್ರ ಸಮ ಆಗ್ತಾರ" ಅನ್ನೋದು ಇಲ್ಲಿ ಹೊಂದೋದಿಲ್ಲ. ಗುಂಡು ಎಸೆತದ ದಾಖಲೆ ತೋರಿಸಿ ವಾದಿಸುವವರೂ ಇದ್ದಾರೆ: ಗಂಡಸರದ್ದು 23.56, ಹೆಂಗಸರದ್ದು 22.63, ಒಂದು ಮೀಟರ್ ಫರಕೂ ಇಲ್ಲವಲ್ಲ ಅಂತ. ಗಂಡಸರ ಗುಂಡು 7.26 ಕೆಜಿ, ಹೆಂಗಸರದ್ದು 4 ಕೆಜಿ ಅನ್ನೋದನ್ನ ಅವರು ಹೇಳೋದಿಲ್ಲ.

ಈ ಅಂತರ ಹುಟ್ಟೋದು ಹರೆಯದಲ್ಲಿ. ಸುಮಾರು 11-12 ವರ್ಷದವರೆಗೆ ಹುಡುಗ-ಹುಡುಗಿಯರ ಓಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರೋದಿಲ್ಲ. ಆಮೇಲೆ ಹುಡುಗರ ಮೈಯಲ್ಲಿ ಟೆಸ್ಟೊಸ್ಟೆರಾನ್ ಅನ್ನೋ ಗಂಡು ಹಾರ್ಮೋನ್ ಏರುತ್ತದೆ. ಬೆಳೆದ ಗಂಡಸರಲ್ಲಿ ಅದು ಲೀಟರ್ ರಕ್ತಕ್ಕೆ 7.7ರಿಂದ 29.4 ನ್ಯಾನೊಮೋಲ್ (ಹಾರ್ಮೋನ್ ಅಳೆಯೋ ಒಂದು ಮಾನ), ಹೆಂಗಸರಲ್ಲಿ ಸಾಮಾನ್ಯವಾಗಿ 2ಕ್ಕಿಂತ ಕಡಿಮೆ. ಎರಡು ಅಳತೆ ಒಂದರ ಮೇಲೊಂದು ಬೀಳೋದೇ ಇಲ್ಲ, ನಡುವೆ ದೊಡ್ಡ ಖಾಲಿ ಜಾಗ. ಆ ಏರಿಕೆಯಿಂದ ಎಲುಬು ಉದ್ದ, ಭುಜ ಅಗಲ, ಸ್ನಾಯು ಹೆಚ್ಚು, ರಕ್ತದಲ್ಲಿ ಹಿಮೋಗ್ಲೋಬಿನ್ ಸುಮಾರು 12% ಹೆಚ್ಚು. ಓಟಕ್ಕಿಂತ ಜಿಗಿತದಲ್ಲಿ, ಜಿಗಿತಕ್ಕಿಂತ ತೋಳಿನ ಬಲದ ಆಟಗಳಲ್ಲಿ ಅಂತರ ದೊಡ್ಡದು.

ಈಗ ನಿಮ್ಮ 14ರೊಳಗಿನ ಓಟ. ಒಟ್ಟು ಸೇರಿಸೋದಕ್ಕೆ ಇದಕ್ಕಿಂತ ಕೆಟ್ಟ ವಯಸ್ಸು ಇನ್ನೊಂದಿಲ್ಲ. ಒಬ್ಬ ಹುಡುಗ 13ಕ್ಕೆ ಮೀಸೆ ಚಿಗುರಿಸಿ ಆಳಾಗಿರುತ್ತಾನೆ, ಪಕ್ಕದ ಲೇನಿನವ ಇನ್ನೂ ಕೂಸು. ಹುಡುಗಿಯರು ಬೇಗ ಬೆಳೀತಾರೆ, ಹಂಗಾಗಿ ಹೀಟ್ಸ್‌ನಲ್ಲಿ (ಮೊದಲ ಸುತ್ತಿನ ಓಟಗಳಲ್ಲಿ) ಒಬ್ಬಿಬ್ಬರು ಹುಡುಗರನ್ನ ಹಿಂದೆ ಹಾಕ್ತಾರೆ. ಅದನ್ನ ನೋಡಿ "ನೋಡ್ರಿ, ಫರಕ್ ಇಲ್ಲ" ಅಂತ ಕಮಿಟಿ ಅಂದುಕೊಳ್ಳುತ್ತೆ, ಫೈನಲ್ ಗೆರೆಯಲ್ಲಿ ಮೂರೂ ಪದಕ ಬೇಗ ಬೆಳೆದ ಹುಡುಗರ ಪಾಲು. 12ರೊಳಗಿನವರನ್ನು ಬೇಕಾದ್ರೆ ಒಟ್ಟಿಗೆ ಓಡಿಸ್ರಿ, ಬಹುಮಾನ ಮಾತ್ರ ಬೇರೆ ಇಡ್ರಿ. 14ರೊಳಗಿನ ವಿಭಾಗದಿಂದ ಮೇಲೆ ಓಟವೂ ಬೇರೆ, ಬಹುಮಾನವೂ ಬೇರೆ. ಪದಕಕ್ಕೆ ದುಡ್ಡು ಸಾಲದಿದ್ದರೆ ಆಟಗಳ ಸಂಖ್ಯೆ ಕಡಿಮೆ ಮಾಡ್ರಿ.

ನಮ್ಮ ಕಡೆ ಕೂಟಗಳಲ್ಲಿ ನಿಜವಾದ ಮೋಸ ನಡೆಯೋದು ವಯಸ್ಸಿನಲ್ಲಿ. ಹುಡುಗಿಯರ ವಿಭಾಗದಲ್ಲೂ ಅಷ್ಟೇ. 16 ತುಂಬಿದವಳನ್ನು 14ರೊಳಗೆ ಸೇರಿಸೋದು, ಅಕ್ಕನ ಬದಲು ತಂಗಿಯ ಕಾಗದ ತರೋದು. ಆಧಾರ್ ಒಂದನ್ನೇ ನಂಬಬ್ಯಾಡ್ರಿ. ಜನನ ಪ್ರಮಾಣಪತ್ರ, ಅದಿಲ್ಲದಿದ್ದರೆ ಶಾಲಾ ದಾಖಲಾತಿ ರಿಜಿಸ್ಟರಿನ ಪ್ರತಿಗೆ ಹೆಡ್‌ಮಾಸ್ತರ ಸಹಿ. ಫೋಟೋ ಅಂಟಿಸಿ, ಫೋಟೋ ಮೇಲೆ ಅರ್ಧ ಬರುವಂಗ ಶಿಕ್ಕಾ ಹೊಡಿಸ್ರಿ. ರಾಷ್ಟ್ರಮಟ್ಟದಲ್ಲಿ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಎಲುಬಿನ ವಯಸ್ಸು ನೋಡ್ತಾರೆ, ಅದು ತಾಲೂಕು ಕಮಿಟಿಯ ಕೆಲಸ ಅಲ್ಲ.

ಗುಂಡಿನ ವಿಷಯ. 5 ಕೆಜಿ ಅನ್ನೋದು 18ರೊಳಗಿನ ಹುಡುಗರ ತೂಕ. 18ರೊಳಗಿನ ಹುಡುಗಿಯರಿಗೆ 3 ಕೆಜಿ, 20ರೊಳಗಿನವರಿಗೂ ದೊಡ್ಡವರಿಗೂ 4 ಕೆಜಿ. ಭಾರ ಹೆಚ್ಚಾದಾಗ ಏನಾಗುತ್ತದೆ ಗೊತ್ತೇನ್ರಿ? ಗುಂಡು ಕುತ್ತಿಗೆಯ ಕುಳಿಯಲ್ಲಿ ಕೂಡೋದೇ ಇಲ್ಲ. ಮೊಣಕೈ ಕೆಳಗೆ ಜೋತುಬಿದ್ದು, ಹುಡುಗಿ ಅದನ್ನ ದೂಡೋದು ಬಿಟ್ಟು ಚೆಂಡು ಒಗೆದಂಗ ಒಗೀತಾಳೆ. ಭುಜಕ್ಕೂ ಮೊಣಕೈಗೂ ಪೆಟ್ಟು, ಮೇಲಾಗಿ ಆ ಎಸೆತ ನಿಯಮದ ಪ್ರಕಾರ ಫೌಲ್. ಡಿಸ್ಕಸ್ ಹೆಣ್ಣುಮಕ್ಕಳಿಗೆ 1 ಕೆಜಿ. ಜಾವೆಲಿನ್ 600 ಗ್ರಾಂ, 18ರೊಳಗೆ 500. ಗುಂಡನ್ನು ಲೇಥ್ ಅಂಗಡಿಯಲ್ಲಿ ಮಾಡಿಸೋದಾದರೆ 4 ಕೆಜಿಯದ್ದಕ್ಕೆ ವ್ಯಾಸ 95ರಿಂದ 110 ಮಿ.ಮೀ. ಒಳಗಿರಬೇಕು, ಮೇಲ್ಮೈ ನುಣುಪಾಗಿರಬೇಕು. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಎಲ್ಲ ತಂಡದವರ ಮುಂದೆ ತೂಗಿ, ಸುಣ್ಣದಲ್ಲಿ ಗುರುತು ಹಾಕ್ರಿ. ಯಾರೂ ಮನೆಯಿಂದ ತಂದ ಗುಂಡು ಎಸೀಬಾರದು, ತಂದರೆ ಅದನ್ನೂ ತೂಗಿ ಎಲ್ಲರಿಗೂ ಬಳಸಲು ಬಿಡಬೇಕು. ಎಸೆತದ ವೃತ್ತ 2.135 ಮೀಟರ್ ವ್ಯಾಸ. ಸೆಕ್ಟರ್ (ಗುಂಡು ಬೀಳಬೇಕಾದ ಜಾಗ) ಕೋನ ಅಳೆಯಲು ಉಪಕರಣ ಬೇಕಿಲ್ಲ: ವೃತ್ತದ ನಡುಬಿಂದುವಿನಿಂದ 20 ಮೀಟರ್ ದೂರದಲ್ಲಿ ಎರಡು ಗೂಟ, ಗೂಟಗಳ ನಡುವೆ ಸರಿಯಾಗಿ 12 ಮೀಟರ್, ದಾರ ಎಳೆದು ಸುಣ್ಣ ಹಾಕಿದರೆ ಮುಗೀತು.

ಕಬಡ್ಡಿಗೆ ಗಂಡಸರ ಅಂಕಣ 13×10 ಮೀಟರ್, ಹೆಂಗಸರದ್ದು 12×8. ಒಂದೇ ಅಂಕಣ ಹಾಕಿ ಎರಡೂ ಪಂದ್ಯ ಆಡಿಸೋದು ರೂಢಿ. ಆಗ ಹುಡುಗಿಯರ ಆಟದಲ್ಲಿ ಹಿಡಿಯುವವರಿಗೆ ಮುಚ್ಚಬೇಕಾದ ಜಾಗ ಹೆಚ್ಚಾಗಿ, ದಾಳಿ ಮಾಡುವವರಿಗೆ ಪುಕ್ಕಟೆ ಅಂಕ ಸಿಗುತ್ತದೆ. ದೊಡ್ಡ ಅಂಕಣದ ಒಳಗೇ ಬೇರೆ ಬಣ್ಣದಲ್ಲಿ ಚಿಕ್ಕದನ್ನ ಎಳೀರಿ. ನಿಮ್ಮದು ಎರಿ ನೆಲ ಅಂದ್ರಿ. ಬಿರುಕು ಬಿಟ್ಟ ಎರಿ ನೆಲದಲ್ಲಿ ಕಾಲು ತಿರುಚಿದರೆ ಮೊಣಕಾಲಿನ ಒಳಗಿನ ಲಿಗಮೆಂಟ್ (ಎಲುಬುಗಳನ್ನ ಹಿಡಿದಿಡೋ ಪಟ್ಟಿ) ಹರಿಯಬಹುದು, ಅದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಹರಿಯುತ್ತದೆ. ಹಿಂದಿನ ದಿನ ಸಂಜೆ ನೀರು ಹೊಡೆದು, ಮೇಲೆ ಎರಡು ಬೆರಳು ಮಸಾರಿ ಮಣ್ಣು ಹಾಕಿ, ರೋಲರ್ ಉರುಳಿಸ್ರಿ. ಆಟಕ್ಕೆ ಮುಂಚೆ ಹತ್ತು ನಿಮಿಷ ಜಿಗಿದು ಇಳಿಯೋ ಅಭ್ಯಾಸ ಮಾಡಿಸ್ರಿ, ಇಳಿಯುವಾಗ ಮೊಣಕಾಲು ಒಳಗೆ ಬಾಗಬಾರದು. ಹೆಂಗಸರ ವಾಲಿಬಾಲ್ ನೆಟ್ಟಿನ ಎತ್ತರ 2.24 ಮೀಟರ್, ಅಷ್ಟು ಸಾಕು.

ಇನ್ನು ಆ ತಕರಾರು. ಕಣ್ಣಳತೆಯಲ್ಲಿ ಹೆಣ್ಣೋ ಅಲ್ಲವೋ ಅಂತ ತೀರ್ಮಾನ ಮಾಡೋ ಕೆಲಸವನ್ನ ದೊಡ್ಡ ದೊಡ್ಡ ಸಂಸ್ಥೆಗಳೇ ಮಾಡಿ ಕೈ ಸುಟ್ಟುಕೊಂಡಿವೆ. 1966ರಲ್ಲಿ ಆಟಗಾರ್ತಿಯರನ್ನ ಬೆತ್ತಲೆ ನಿಲ್ಲಿಸಿ ವೈದ್ಯರು ನೋಡಿದರು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಿಂದ ಕ್ರೋಮೋಸೋಮ್ ಪರೀಕ್ಷೆ ಬಂತು. ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೊಸೆ ಮಾರ್ಟಿನೆಸ್ ಪಟಿನ್ಯೊ 1985ರಲ್ಲಿ ಅದರಲ್ಲಿ ಸಿಕ್ಕಿಬಿದ್ದರು. ಅವರ ಕ್ರೋಮೋಸೋಮ್ ಸಾಮಾನ್ಯವಾಗಿ ಗಂಡಸರಲ್ಲಿರೋ ಎಕ್ಸ್‌ವೈ, ಆದರೆ ದೇಹ ಟೆಸ್ಟೊಸ್ಟೆರಾನನ್ನು ಬಳಸಿಕೊಳ್ಳೋದೇ ಇಲ್ಲ, ಹಂಗಾಗಿ ಲಾಭವೂ ಇಲ್ಲ. 1988ರಲ್ಲಿ ಅವರಿಗೆ ಮತ್ತೆ ಅವಕಾಶ ಕೊಟ್ಟರು. 1996ರ ಅಟ್ಲಾಂಟಾದಲ್ಲಿ 3387 ಮಂದಿಯನ್ನ ಪರೀಕ್ಷಿಸಿ 8 ಜನರಲ್ಲಿ ವೈ ಕ್ರೋಮೋಸೋಮಿನ ಗುರುತು ಸಿಕ್ಕಿತು, ಎಂಟೂ ಜನಕ್ಕೆ ಆಡಲು ಬಿಟ್ಟರು. 1999ರಲ್ಲಿ ಒಲಿಂಪಿಕ್ ಸಮಿತಿ ಆ ಪದ್ಧತಿ ಕೈಬಿಟ್ಟಿತು. ನಮ್ಮ ದೇಶದಲ್ಲೇ 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಓಟಗಾರ್ತಿ ಶಾಂತಿ ಸೌಂದರರಾಜನ್ ಲಿಂಗ ಪರೀಕ್ಷೆಯಲ್ಲಿ ಪಾಸಾಗಲಿಲ್ಲ ಅಂತ ಅವರ 800 ಮೀಟರ್ ಬೆಳ್ಳಿ ಕಿತ್ತುಕೊಂಡರು, ಸುದ್ದಿ ಟಿವಿಯಲ್ಲಿ ಊರೆಲ್ಲ ಹಬ್ಬಿತು. 2014ರಲ್ಲಿ ಟೆಸ್ಟೊಸ್ಟೆರಾನ್ ಹೆಚ್ಚಿದೆ ಅಂತ ಓಟಗಾರ್ತಿ ದ್ಯುತಿ ಚಂದ್ ಅವರನ್ನ ತಂಡದಿಂದ ಕೈಬಿಟ್ಟಾಗ ಅವರು ಕ್ರೀಡಾ ನ್ಯಾಯಮಂಡಳಿಗೆ ಹೋಗಿ 2015ರಲ್ಲಿ ಗೆದ್ದರು, ರಿಯೊದಲ್ಲಿ ಓಡಿದರು.

ಹಂಗಂತ ನಿಯಮವೇ ಬೇಡ ಅಂತಲ್ಲ. 2019ರಲ್ಲಿ ದಕ್ಷಿಣ ಆಫ್ರಿಕಾದ ಓಟಗಾರ್ತಿ ಕ್ಯಾಸ್ಟರ್ ಸೆಮೆನ್ಯಾ ಪ್ರಕರಣದಲ್ಲಿ ಅದೇ ನ್ಯಾಯಮಂಡಳಿ, ಟೆಸ್ಟೊಸ್ಟೆರಾನಿಗೆ ಮಿತಿ ಹಾಕೋ ನಿಯಮ ತಾರತಮ್ಯದ್ದೇ ಆದರೂ ಹೆಣ್ಣುಮಕ್ಕಳ ವಿಭಾಗ ಉಳಿಸಲು ಅದು ಬೇಕು ಅಂತ ಬಹುಮತದಿಂದ ಹೇಳಿತು. 2025ರ ಸೆಪ್ಟೆಂಬರ್ 1ರಿಂದ ಅಥ್ಲೆಟಿಕ್ಸ್‌ನ ಜಾಗತಿಕ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ ವಿಶ್ವಮಟ್ಟದ ಮಹಿಳಾ ಸ್ಪರ್ಧಿಗಳಿಗೆ ಜೀವನದಲ್ಲಿ ಒಂದೇ ಸಲ ಎಸ್‌ಆರ್‌ವೈ ಜೀನ್ (ಸಾಮಾನ್ಯವಾಗಿ ವೈ ಕ್ರೋಮೋಸೋಮಿನಲ್ಲಿರೋ ಜೀನ್) ಪರೀಕ್ಷೆ ಕಡ್ಡಾಯ ಮಾಡಿದೆ. ಕೆನ್ನೆಯ ಒಳಗಿಂದ ಹತ್ತಿಯಲ್ಲಿ ಒರೆಸಿ ತೆಗೀತಾರೆ, ಇಲ್ಲವೇ ರಕ್ತ. ಜೀನ್ ಇದೆ ಅಂತ ಬಂದರೂ ಅಲ್ಲಿಗೆ ಮುಗಿಯೋದಿಲ್ಲ, ಪಟಿನ್ಯೊ ಅವರಂಥ ದೇಹಸ್ಥಿತಿ ಇದ್ದವರಿಗೆ ವಿನಾಯಿತಿ ಇದೆ. ಅದನ್ನ ಬಿಡಿಸಿ ನೋಡಲು ತಜ್ಞ ವೈದ್ಯರು, ಆಪ್ತ ಸಲಹೆ, ಗೌಪ್ಯತೆ ಎಲ್ಲ ಬೇಕು. ತಾಲೂಕು ಕಮಿಟಿ ಹತ್ತಿರ ಈ ಮೂರರಲ್ಲಿ ಒಂದೂ ಇರೋದಿಲ್ಲ.

ಆದ್ದರಿಂದ ಡಾಕ್ಟರ್ ಸರ್ಟಿಫಿಕೇಟ್ ಕೇಳಬ್ಯಾಡ್ರಿ. ಹೊರಗಿಂದ ನೋಡಿ ಬರೆದುಕೊಟ್ಟ ಕಾಗದದಿಂದ ಏನೂ ತಿಳಿಯೋದಿಲ್ಲ, ವಯಸ್ಸಿಗೆ ಬಂದ ಹುಡುಗಿಯರು ಮಾತ್ರ ಅರ್ಜಿ ಹಾಕೋದನ್ನೇ ಬಿಡ್ತಾರೆ. ಲ್ಯಾಬಿನಲ್ಲಿ ಟೆಸ್ಟೊಸ್ಟೆರಾನ್ ಮಾಡಿಸ್ತೀವಿ ಅನ್ನೋದು ಇನ್ನೂ ಅಪಾಯ. ನಮ್ಮ ಲ್ಯಾಬಿನ ರಿಪೋರ್ಟಿನಲ್ಲಿ ಅಳತೆ ಬರೋದು ಡೆಸಿಲೀಟರಿಗೆ ನ್ಯಾನೊಗ್ರಾಂ ಲೆಕ್ಕದಲ್ಲಿ, ಕ್ರೀಡಾ ನಿಯಮದಲ್ಲಿರೋದು ಲೀಟರಿಗೆ ನ್ಯಾನೊಮೋಲ್. ಲೀಟರಿಗೆ 1 ನ್ಯಾನೊಮೋಲ್ ಅಂದ್ರೆ ಡೆಸಿಲೀಟರಿಗೆ ಸುಮಾರು 28.8 ನ್ಯಾನೊಗ್ರಾಂ. ರಿಪೋರ್ಟಿನಲ್ಲಿ 50 ಅಂತ ಕಂಡರೆ ಅದು 1.7 ಮಾತ್ರ, ಸಾಮಾನ್ಯ ಹೆಣ್ಣಿನದ್ದೇ. ಪೇಪರಿನಲ್ಲಿ "2.5 ಮಿತಿ" (ವರ್ಲ್ಡ್ ಅಥ್ಲೆಟಿಕ್ಸ್ 2023ರಲ್ಲಿ ಇಟ್ಟಿದ್ದ ನ್ಯಾನೊಮೋಲ್ ಮಿತಿ) ಅಂತ ಓದಿದವರು 50 ನೋಡಿ ಇಪ್ಪತ್ತು ಪಟ್ಟು ಅಂತ ಊರಲ್ಲಿ ಹೇಳಿಕೊಂಡು ಬರ್ತಾರೆ. ಪಿಸಿಒಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಇದ್ದವರಲ್ಲಿ ಸ್ವಲ್ಪ ಏರಿರುತ್ತದೆ, ಅದೂ ಗಂಡಸಿನ ಮಟ್ಟಕ್ಕೆ ಹೋಗೋದಿಲ್ಲ. ಚಿಕ್ಕ ಕೂದಲು, ಚಪ್ಪಟೆ ಎದೆ, ಗಡಸು ದನಿ, ಮೇಲ್ತುಟಿಯ ರೋಮ ಯಾವುದಕ್ಕೂ ಪುರಾವೆ ಅಲ್ಲ. ಹೊಲದಾಗ ಚೀಲ ಹೊತ್ತು ಬೆಳೆದ ಹುಡುಗಿಯ ತೋಳು ಗಟ್ಟಿ ಇರದೆ ಇನ್ನೇನ್ರಿ.

ಟ್ರಾನ್ಸ್ ಮಹಿಳೆಯರ (ಗಂಡಾಗಿ ಹುಟ್ಟಿ ಹೆಣ್ಣಾಗಿ ಗುರುತಿಸಿಕೊಂಡವರ) ಬಗ್ಗೆ ಕೆಳಗೆ ಕೇಳಿದವರಿಗೆ: ಗಂಡಿನ ಹರೆಯ ದಾಟಿದವರಿಗೆ 2023ರ ಮಾರ್ಚ್ 31ರಿಂದ ವರ್ಲ್ಡ್ ಅಥ್ಲೆಟಿಕ್ಸ್ ಮಹಿಳಾ ವಿಭಾಗದಲ್ಲಿ ಅವಕಾಶ ಕೊಡೋದಿಲ್ಲ. ಹಾರ್ಮೋನ್ ಇಳಿಸಿದಾಗ ಹಿಮೋಗ್ಲೋಬಿನ್ ಕೆಲವೇ ತಿಂಗಳಲ್ಲಿ ಇಳಿಯುತ್ತದೆ, ಸ್ನಾಯುವಿನ ಬಲ ವರ್ಷಕ್ಕೆ 5% ಆಸುಪಾಸು ಮಾತ್ರ, ಎಲುಬಿನ ಉದ್ದ ಇಳಿಯೋದೇ ಇಲ್ಲ. ಅಮೆರಿಕದ ವಾಯುಪಡೆಯ ದೈಹಿಕ ಪರೀಕ್ಷೆಯ ದಾಖಲೆಯಲ್ಲಿ, ಹಾರ್ಮೋನ್ ಇಳಿಸಿದ ಎರಡು ವರ್ಷದ ನಂತರ ಟ್ರಾನ್ಸ್ ಮಹಿಳೆಯರಿಗೂ ಉಳಿದ ಹೆಂಗಸರಿಗೂ ಪುಶ್‌ಅಪ್‌ನ ಅಂತರ ಹೋಗಿತ್ತು, ಓಟದಲ್ಲಿ 12% ಉಳಿದಿತ್ತು. ನನ್ನ ಮಟ್ಟಿಗೆ ಪದಕದ ಮಹಿಳಾ ವಿಭಾಗಕ್ಕೆ ಈ ನಿಯಮ ಸರಿ. ಆದರೆ ಆ ವ್ಯಕ್ತಿಗೆ ಓಡಲು ಜಾಗ ಇರಬೇಕು. 2023ರಲ್ಲಿ ಬರ್ಲಿನ್ನಿನ ಈಜು ವಿಶ್ವಕಪ್‌ನಲ್ಲಿ ಪ್ರತ್ಯೇಕ ಮುಕ್ತ ವಿಭಾಗ ಇಟ್ಟರು, ಒಂದೇ ಒಂದು ಅರ್ಜಿ ಬರಲಿಲ್ಲ. ಬೇರೆ ನಿಲ್ಲಿಸಿ ತೋರಿಸಿದರೆ ಯಾರು ಬರ್ತಾರೆ? ನಿಮ್ಮ 5 ಕಿ.ಮೀ. ಓಟದಲ್ಲಿ "ಪುರುಷರು" ಅನ್ನೋದನ್ನ ತೆಗೆದು "ಮುಕ್ತ" ಅಂತ ಹಾಕ್ರಿ, ಯಾರು ಬೇಕಾದರೂ ಓಡಬಹುದು. ಮಹಿಳಾ ವಿಭಾಗ ಅದರ ಪಕ್ಕದಲ್ಲಿ, ಬಹುಮಾನದ ಮೊತ್ತ ಎರಡಕ್ಕೂ ಒಂದೇ. ಮಹಿಳೆಯರನ್ನ ಹತ್ತು ನಿಮಿಷ ಮೊದಲು ಬಿಡ್ರಿ. ಒಟ್ಟಿಗೆ ಬಿಟ್ಟರೆ ಅಣ್ಣ-ತಮ್ಮಂದಿರು ಪಕ್ಕದಲ್ಲಿ ಓಡಿ ಗಾಳಿ ತಡೀತಾರೆ, ವೇಗ ಹಿಡಿದುಕೊಡ್ತಾರೆ. ಮ್ಯಾರಥಾನ್‌ನಲ್ಲಿ ಮಹಿಳೆಯರಷ್ಟೇ ಓಡಿದ ದಾಖಲೆಯನ್ನ ಬೇರೆ ಪಟ್ಟಿಯಲ್ಲಿ ಇಡೋದು ಇದಕ್ಕೇ.

ಕರಪತ್ರ ಅಚ್ಚಿಗೆ ಹೋಗೋ ಮುಂಚೆ ಈ ಸಾಲುಗಳನ್ನ ಸೇರಿಸ್ರಿ: "ವಿಭಾಗವನ್ನು ಪ್ರವೇಶದ ವೇಳೆ ಕೊಟ್ಟ ದಾಖಲೆಯಂತೆ ನಿರ್ಧರಿಸಲಾಗುವುದು. ವಯಸ್ಸು ಮತ್ತು ಗುರುತಿನ ಬಗ್ಗೆ ಮಾತ್ರ, ಸ್ಪರ್ಧೆಗೆ ಒಂದು ತಾಸು ಮೊದಲು, ಬರಹದಲ್ಲಿ, ಶುಲ್ಕದೊಂದಿಗೆ ಆಕ್ಷೇಪಣೆ ಸ್ವೀಕರಿಸಲಾಗುವುದು. ದೇಹ, ರೂಪ, ದನಿಯ ಬಗ್ಗೆ ಆಕ್ಷೇಪಣೆ ಸ್ವೀಕರಿಸುವುದಿಲ್ಲ. ರಾಜ್ಯ ಮತ್ತು ರಾಷ್ಟ್ರಮಟ್ಟದ ಆಯ್ಕೆಗೆ ಆಯಾ ಫೆಡರೇಷನ್ನಿನ ನಿಯಮ ಅನ್ವಯ." ಆಕ್ಷೇಪಣೆ ನೋಡಲು ಮೂವರು ಸಾಕು, ಅದರಲ್ಲಿ ಒಬ್ಬರು ಅಕ್ಕೋರು ಇರಲೇಬೇಕು. ಮೈಕಿನವನಿಗೂ ಮೊದಲೇ ಹೇಳಿಡ್ರಿ, ಆಕ್ಷೇಪಣೆ ಬಂದ ಹುಡುಗಿಯ ಹೆಸರು ಅವನ ಬಾಯಲ್ಲಿ ಬರಬಾರದು. 3 ಕೆಜಿ ಗುಂಡು ಸಿಗದಿದ್ದರೆ ಇಲ್ಲೇ ಬರೀರಿ, ಹುಬ್ಬಳ್ಳಿ ಕಡೆಯಿಂದ ಬರೋ ಯಾರಾದರೂ ತಂದುಕೊಡ್ತಾರೆ.