‘ಸೆಪ್ಟೆಂಟ್ರಿಯನಲ್’ ಎಂಬ ಉತ್ತರ ದಿಕ್ಕು

ಪ್ರಶ್ನೆ: ಉತ್ತರ ಧ್ರುವದ ಸುತ್ತಲಿನ ನಾಡುಗಳ ಹಳೆಯ ಭೂಪಟವೊಂದರ ಪ್ರತಿ ನೋಡಿದೆ. 1595ರಲ್ಲಿ ಪ್ರಕಟವಾದ ಮರ್ಕೇಟರನ ಪಟ. ಅದರ ಹೆಸರು ‘ಸೆಪ್ಟೆಂಟ್ರಿಯೋನಾಲಿಯಂ ಟೆರ್ರಾರಂ ಡಿಸ್ಕ್ರಿಪ್ಟಿಯೊ’. ಇಂಗ್ಲಿಷ್ ನಿಘಂಟಿನಲ್ಲಿ ‘ಸೆಪ್ಟೆಂಟ್ರಿಯನಲ್’ ಎಂದರೆ ‘ಉತ್ತರದ’ ಎಂದಿದೆ. ಸೆಪ್ಟೆಂಬರ್‌ಗೂ ಇದಕ್ಕೂ ನಂಟಿದೆಯೇ? ‘ನಾರ್ದರ್ನ್’ ಇರುವಾಗ ಈ ಪದ ಏಕೆ ಬೇಕಾಯಿತು?

ಉತ್ತರ: ನಂಟಿದೆ, ಆದರೆ ‘ಏಳು’ ಎಂಬಷ್ಟಕ್ಕೆ ಮಾತ್ರ. ಲ್ಯಾಟಿನ್ನಿನ ‘ಸೆಪ್ಟೆಮ್’ ಎಂದರೆ ಏಳು. ಸಂಸ್ಕೃತದ ‘ಸಪ್ತ’ದ ದಾಯಾದಿ. ಮಾರ್ಚ್‌ನಲ್ಲಿ ವರ್ಷ ತೊಡಗುತ್ತಿದ್ದ ಹಳೆಯ ರೋಮನ್ ಲೆಕ್ಕದಲ್ಲಿ ಸೆಪ್ಟೆಂಬರ್ ಏಳನೆಯ ತಿಂಗಳು. ದಿಕ್ಕಿನ ಹೆಸರಿನಲ್ಲಿರುವ ಏಳು ಬೇರೆ. ಅದು ನಾವು ಸಪ್ತರ್ಷಿಗಳೆನ್ನುವ ಏಳು ನಕ್ಷತ್ರಗಳು.

ರೋಮನ್ನರು ಅವನ್ನು ‘ಸೆಪ್ಟೆಂಟ್ರಿಯೋನೆಸ್’ ಎನ್ನುತ್ತಿದ್ದರು. ‘ಟ್ರಿಯೋನೆಸ್’ ಎಂದರೆ ಉಳುವ ಎತ್ತುಗಳು. ಹೊಲ ಉಳುವವರ ಬಾಯಲ್ಲಿ ಈ ಮಾತು ತನ್ನ ಕಾಲದಲ್ಲೂ ಇದೆಯೆಂದು ಕ್ರಿಸ್ತಪೂರ್ವ ಮೊದಲ ಶತಮಾನದ ವಿದ್ವಾಂಸ ವರೋ ಬರೆದಿಟ್ಟಿದ್ದಾನೆ. ‘ಟ್ರಿಯೋನೆಸ್’ ಬರೀ ಪ್ರತ್ಯಯ, ಅದಕ್ಕೆ ಅರ್ಥವೇ ಇಲ್ಲ ಎಂದು ವಾದಿಸಿದ ವೈಯಾಕರಣರೂ ಇದ್ದರು. ನನಗೆ ವರೋ ಮಾತೇ ಸರಿಯೆನಿಸುತ್ತದೆ. ರೈತರ ಬಾಯಿಂದ ಕೇಳಿದ ಸಾಕ್ಷ್ಯಕ್ಕೆ ತೂಕ ಹೆಚ್ಚು.

ಇದೇ ನಕ್ಷತ್ರಗಳು ಉತ್ತರಕ್ಕೆ ಗುರುತಾದದ್ದಕ್ಕೆ ಕಾರಣವಿದೆ. ಮಾರ್ಚ್‌ನಿಂದ ಜೂನ್‌ವರೆಗೆ ಸಂಜೆ ಕತ್ತಲಾದ ಮೇಲೆ ಉತ್ತರಕ್ಕೆ ತಿರುಗಿ ನಿಂತರೆ ನಮ್ಮಲ್ಲೂ ಏಳೂ ನಕ್ಷತ್ರ ಕಾಣುತ್ತವೆ. ತುದಿಯಲ್ಲಿರುವ ಕ್ರತು, ಪುಲಹರ ನೇರಕ್ಕೆ ಗೆರೆ ಎಳೆದರೆ ಧ್ರುವ ನಕ್ಷತ್ರ ಸಿಗುತ್ತದೆ. ಬಾಲದ ನಡುವೆ ವಸಿಷ್ಠ, ಒತ್ತಿನಲ್ಲೇ ಮದುವೆಯಲ್ಲಿ ತೋರಿಸುವ ಅರುಂಧತಿ. ಕರ್ನಾಟಕದಿಂದ ನೋಡುವವರಿಗೆ ಸಪ್ತರ್ಷಿಗಳು ಮುಳುಗುತ್ತವೆ. ಸುಮಾರು 42 ಡಿಗ್ರಿ ಅಕ್ಷಾಂಶದ ರೋಮ್‌ನಲ್ಲಿ ಮುಳುಗುವುದೇ ಇಲ್ಲ. ವರ್ಷವಿಡೀ, ಇರುಳೆಲ್ಲ, ಧ್ರುವದ ಸುತ್ತಲೇ ತಿರುಗುತ್ತಿರುತ್ತವೆ. ಹೀಗಾಗಿ ನಕ್ಷತ್ರದ ಹೆಸರೇ ದಿಕ್ಕಿಗೂ ಬಂತು.

ಗ್ರೀಕರು ಇಲ್ಲೇ ಕರಡಿಯನ್ನು ಕಂಡರು. ಕರಡಿಗೆ ಅವರ ಮಾತು ‘ಆರ್ಕ್ಟೋಸ್’. ‘ಆರ್ಕ್ಟಿಕ್’ ಹುಟ್ಟಿದ್ದು ಅದರಿಂದ. ಸಂಸ್ಕೃತದ ‘ಋಕ್ಷ’ ಇದರ ಬಂಧು. ಸಪ್ತರ್ಷಿಗಳನ್ನು ಹಿಂದೆ ಋಕ್ಷಗಳೆನ್ನುತ್ತಿದ್ದರೆಂದು ಶತಪಥ ಬ್ರಾಹ್ಮಣವೂ ಹೇಳುತ್ತದೆ. ಎಷ್ಟು ಹಳೆಯ ಆಕಾಶ ನೋಡಿ!

ದಕ್ಷಿಣಕ್ಕೆ ಇದರ ಜೋಡಿ ಪದ ‘ಮೆರಿಡಿಯೋನಲ್’. ಮೂಲದಲ್ಲಿ ನಡುಹಗಲು ಎಂದರ್ಥ. ರೋಮ್‌ನಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ದಕ್ಷಿಣದಲ್ಲೇ.

ಇನ್ನು ‘ನಾರ್ದರ್ನ್’ ವಿಚಾರ. ಅದು ಇಂಗ್ಲಿಷಿನ ಮನೆಮಾತು, ಜರ್ಮಾನಿಕ್ ಮೂಲದ್ದು. ‘ಸೆಪ್ಟೆಂಟ್ರಿಯನಲ್’ ವಿದ್ವಾಂಸರ ಲ್ಯಾಟಿನ್ ಓದಿನ ಜೊತೆ 14ನೇ ಶತಮಾನದ ಕೊನೆಯ ಹೊತ್ತಿಗೆ ಬಂದು ಸೇರಿತು. ಇಂದು ಇಂಗ್ಲಿಷಿನಲ್ಲಿ ತೀರಾ ಅಪರೂಪ. ‘ಆಸ್ಪ್ಲೇನಿಯಂ ಸೆಪ್ಟೆಂಟ್ರಿಯೋನಾಲೆ’ ಎಂಬ ಜರಿಗಿಡದಂಥ ವೈಜ್ಞಾನಿಕ ಹೆಸರುಗಳಲ್ಲಿ ಉಳಿದಿದೆ. ಇಟಲಿಯಲ್ಲಿ ಮಾತ್ರ ‘ಸೆತ್ತೆಂತ್ರಿಯೊನಾಲೆ’ ದಿನಬಳಕೆಯ ಮಾತು. ಉತ್ತರ ಇಟಲಿಯನ್ನು ಅಲ್ಲಿ ಹಾಗೇ ಕರೆಯುತ್ತಾರೆ. ನೀವು ಇಂಗ್ಲಿಷಿನಲ್ಲಿ ಬರೆಯುವಾಗ ‘ನಾರ್ದರ್ನ್’ ಸಾಕು. ಹಳೆಯ ಪಟಗಳ ಮೇಲಂಚಿನಲ್ಲಿ ‘ಸೆಪ್ಟೆಂಟ್ರಿಯೊ’ ಎಂದಿದ್ದರೆ ಉತ್ತರ ದಿಕ್ಕೆಂದೇ ಓದಿಕೊಳ್ಳಿ.